ಸೆರ್ಬಿಯಾದವರ ಬಾಯಲ್ಲಿ ನಮ್ಮನೆ ಜಗಳ

ನಮ್ಮ ಮನೆಯಲ್ಲಿ ಓದಿದವರಿಗೆ ಬರವಿಲ್ಲ. ಮಗ ಬಿ.ಎ. ಮಾಡಿ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಯಜಮಾನರು ಎಸ್ಸೆಲ್ಸಿ ಬಾಗಿಲು ತಟ್ಟಿ, ಅದು ತೆರೆಯಲಿಲ್ಲವೆಂದು ತೆಂಗಿನಕಾಯಿ ವ್ಯಾಪಾರಕ್ಕೆ ಬಂದವರು. ನಾನು ನಾಲ್ಕನೇ ಕ್ಲಾಸು. ಇಷ್ಟೆಲ್ಲ ವಿದ್ಯೆ ಒಂದೇ ಸೂರಿನ ಕೆಳಗಿದ್ದರೂ ಟೀವಿಯಲ್ಲಿ ಕಚಪಚ ಮಾತಾಡುತ್ತಿದ್ದ ಆ ಜನ ಯಾವ ದೇಶದವರು ಎಂದು ಒಬ್ಬರಿಗೂ ತಿಳಿಯಲಿಲ್ಲ. ಮಗ ರಷ್ಯಾ ಅಂದ. ಯಜಮಾನರು ಜರ್ಮನಿ ಅಂದರು, ಅವರಿಗೆ ಗೊತ್ತಿದ್ದ ಹೊರದೇಶ ಅದೊಂದೇ.

ಎಷ್ಟೋ ವರ್ಷದ ಮೇಲೆ, ಹಾಸನದಲ್ಲಿ ಕಾಲೇಜು ಓದುತ್ತಿದ್ದ ಮೊಮ್ಮಗಳು ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಹುಡುಕಿ ಪತ್ತೆ ಮಾಡಿಕೊಂಡು ಬಂದಳು. ಚಪ್ಪಲಿಯನ್ನೂ ಬಿಡದೆ ನಡುಮನೆಗೆ ನುಗ್ಗಿದಳು.

"ಅಜ್ಜೀ, ಅವ್ರು ಸೆರ್ಬಿಯಾದೋರಂತೆ ಕಣಜ್ಜಿ!"

"ಅದೆಲ್ಲೈತವ್ವ?"

"ಯುರೋಪಲ್ಲಿ. ಅಲ್ಲಿ ಮನೆಮನೇಲೂ ಆ ಧಾರಾವಾಹೀನ ನೋಡಿ ನಗ್ತಿದ್ರಂತೆ."

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎಲ್ಲೋ ತಪ್ಪಿಹೋಗಿದ್ದ ನೆಂಟರ ಊರು ಗೊತ್ತಾದ ಹಾಗಾಯಿತು. ಮೊಮ್ಮಗಳ ಕೆನ್ನೆ ಹಿಂಡಿ, ಬಾಯಿಗೆ ಬೆಲ್ಲ ಹಾಕಿ, ಪಕ್ಕದ ಮನೆಯವರನ್ನೂ ಕೂಗಿ ಹೇಳಿದೆ. ಅವರಿಗೇನು ತಿಳಿಯಬೇಕು ಪಾಪ, ಮೊಮ್ಮಗಳಿಗೆ ಸೆರ್ಬಿಯಾದ ಗಂಡು ಬಂದಿದೆ ಅಂದುಕೊಂಡು, "ಹುಡುಗ ಏನ್ ಮಾಡ್ತಾನೆ?" ಎಂದರು.

ಆ ಜನ ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ಹೊಳೆನರಸೀಪುರದಲ್ಲಿ ನಮ್ಮ ಬೀದಿಗೆ ಕೇಬಲ್ ಎಳೆದವನೊಬ್ಬನಿದ್ದ. ಅವನ ತಾರಸಿಯ ಮೇಲೆ ಮದುವೆಮನೆಯ ಕೊಪ್ಪರಿಗೆಯಷ್ಟು ಅಗಲದ ಡಿಶ್ಶು. ಒಂದು ದಿನ ಯಾವುದೋ ಹಿಂದಿ ಚಾನೆಲ್ ಹಿಡಿಯಲು ಹೋಗಿ, ಕೊಪ್ಪರಿಗೆಯನ್ನು ಎತ್ತಲೋ ತಿರುಗಿಸಿ, ಇವರನ್ನು ಹಿಡಿದುಬಿಟ್ಟ. ಮಗ ಫೋನು ಮಾಡಿ ಕೇಳಿದ್ದಕ್ಕೆ, "ಇರ್ಲಿ ಬುಡಿ ಸಾ, ಚಾನೆಲ್ ಒಂದು ಜಾಸ್ತಿ ಬಂದದೆ, ಅದಕ್ಕೇನು ನಿಮ್ಮತ್ರ ಬೇರೆ ಕೇಳಿದ್ನಾ?" ಅಂದನಂತೆ. ಅವನ ಕೈ ತಪ್ಪಿದ್ದು ನನ್ನ ಪುಣ್ಯ.

ಭಾನುವಾರ ಮಧ್ಯಾಹ್ನ, ನಾವು ಉಂಡು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಅದು ಶುರುವಾಗುತ್ತಿತ್ತು. ಒಂದು ಮನೆ, ಮನೆ ತುಂಬ ಜನ. ಬನಿಯನ್ನಿನಲ್ಲೇ ಓಡಾಡುವ ಮೀಸೆಯವನೊಬ್ಬ. ಸೌಟು ಕೆಳಗಿಡದೆ ಅವನೊಡನೆ ಜಗಳಕ್ಕೆ ನಿಲ್ಲುವ ಹೆಂಗಸೊಬ್ಬಳು. ತಲೆಗೆ ಕಪ್ಪು ವಸ್ತ್ರ ಕಟ್ಟಿದ ಮುದುಕಿ, ಕುರ್ಚಿಯಲ್ಲೇ ನಿದ್ದೆ ಹೊಡೆಯುವ ಮುದುಕ, ಎರಡು ಜಡೆಯ ಹುಡುಗಿ. ನಮ್ಮ ಕಡೆ ಧಾರಾವಾಹಿಗಳಲ್ಲಾದರೆ ಸೊಸೆ ರೇಷ್ಮೆ ಸೀರೆ ಉಟ್ಟು ಅಳುತ್ತಾಳೆ, ಅತ್ತೆ ರೇಷ್ಮೆ ಸೀರೆ ಉಟ್ಟು ಹಲ್ಲು ಕಡಿಯುತ್ತಾಳೆ. ಅವರ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು, ಕಸ ಗುಡಿಸುವವರು ಯಾರು, ಆ ದೇವರಿಗೇ ಗೊತ್ತು. ಇವರ ಮನೆಯಲ್ಲಿ ಹಾಗಲ್ಲ. ಮೆಣಸಿನಕಾಯಿ ಸುಡುತ್ತಿದ್ದರು, ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು, ಸೀದ ಪಾತ್ರೆಯನ್ನು ಸೆರಗಿಲ್ಲದಿದ್ದರೂ ಲಂಗದ ಅಂಚಿನಲ್ಲಿ ಹಿಡಿದು ಇಳಿಸುತ್ತಿದ್ದರು. ಬಾಯಿ ತುಂಬ ತುತ್ತು ಇಟ್ಟುಕೊಂಡೇ ಒಬ್ಬರಿಗೊಬ್ಬರು ಬೈದು, ಬೈದವರ ತಟ್ಟೆಗೇ ಕೈಹಾಕಿ ತಿನ್ನುತ್ತಿದ್ದರು. ಕದ ಬಡಿದು ಹೊರಗೆ ಹೋದವನು ಬ್ರೆಡ್ಡು ಹಿಡಿದುಕೊಂಡು ವಾಪಸು ಬರುತ್ತಿದ್ದ. ಇದಕ್ಕಿಂತ ಇನ್ನೇನು ಬೇಕು ಮನುಷ್ಯರಿಗೆ!

ಭಾಷೆ ತಿಳಿಯದಿದ್ದರೆ ಏನಂತೆ, ಮಾತು ನಾವೇ ಹಾಕಿದೆವು. ಶುರು ಮಾಡಿದ್ದು ಆಗ ಎರಡನೇ ಕ್ಲಾಸಿನಲ್ಲಿದ್ದ ಮೊಮ್ಮಗಳು. ಎರಡು ಜಡೆಯವಳು ಬಾಯಿ ತೆಗೆದಾಗಲೆಲ್ಲ ಇವಳು, "ನಂಗೆ ಹೋಂವರ್ಕ್ ಬ್ಯಾಡ!" ಎನ್ನುವಳು. ಆಮೇಲೆ ಮುದುಕಿಯ ಮಾತು ನನ್ನದಾಯಿತು. ಸೌಟಿನವಳ ಮಾತು ಸೊಸೆಯದು. ಅವಳು ಅರಕಲಗೂಡಿನವಳು, ಮಾತಿನಲ್ಲಿ ಖಾರ ಸ್ವಲ್ಪ ಮುಂದೆಯೇ. ಮೀಸೆಯವನ ಮಾತು ಮಗನದು. ಯಜಮಾನರಿಗೆ ನಿದ್ದೆಯ ಮುದುಕನ ಪಾಲು. ಅದನ್ನು ಅವರು ಆ ಮುದುಕನಿಗಿಂತ ಚೆನ್ನಾಗಿ ಮಾಡುತ್ತಿದ್ದರು.

ವಿಚಿತ್ರವೆಂದರೆ ನಮ್ಮ ಮಗ ಕಚೇರಿಯಿಂದ ಬಂದರೆ ಮನೆಯಲ್ಲಿ ಬಾಯಿ ಬಿಡದ ಪ್ರಾಣಿ. ಊಟಕ್ಕೆ "ಹೂಂ", ಕಾಫಿಗೆ "ಉಹೂಂ". ಅಷ್ಟರಲ್ಲೇ ವರ್ಷ ಕಳೆಯುವವನು. ಅಂಥವನಿಗೆ ಮೀಸೆಯವನ ಬಾಯಿ ಸಿಕ್ಕಿದ್ದೇ ತಡ, ಕಟ್ಟೆ ಒಡೆದ ಹಾಗೆ ಮಾತು. "ಏನೇ, ನನ್ ಕನ್ನಡ್ಕ ಎಲ್ಲಿಟ್ಟೆ?" "ನಿಮ್ ಮೂಗಿನ ಮೇಲೆ ನೋಡ್ಕಳಿ!" ಹೀಗೆ ಗಂಡ ಹೆಂಡತಿ ವಾರದ ಮಾತನ್ನೆಲ್ಲ ಅರ್ಧ ಗಂಟೆಯಲ್ಲಿ ಆಡಿಬಿಡುತ್ತಿದ್ದರು. ನಾನು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಆ ಮೀಸೆಯವನೂ ಸೌಟಿನವಳೂ ಗಂಡ ಹೆಂಡತಿಯೇ ಅಲ್ಲ, ಅಣ್ಣ ತಂಗಿ ಎಂದು ಮೊಮ್ಮಗಳು ಹೇಳಿದ್ದು ಆ ಕಂಪ್ಯೂಟರ್ ಸೆಂಟರಿನ ದಿನವೇ. ದೇವರೇ! ಆದರೆ ಅಷ್ಟೊಂದು ಕಿತ್ತಾಡುವವರನ್ನು ನಮ್ಮ ತಾಲೂಕಿನಲ್ಲಿ ಗಂಡ ಹೆಂಡತಿ ಅನ್ನದೆ ಇನ್ನೇನು ಅನ್ನುವುದು?

ಆ ವರ್ಷ ಬೇಸಿಗೆ ರಜದಲ್ಲಿ ಸೊಸೆಯ ತಾಯಿ, ನಮ್ಮ ಬೀಗಿತ್ತಿ, ಅರಕಲಗೂಡಿನಿಂದ ಬಂದಿದ್ದರು. ಒಂದು ಭಾನುವಾರ ಸೊಸೆಗೆ ಮೈ ಬಿಸಿ ಇತ್ತು. ನಾನು ಬೇಡ ಬೇಡವೆಂದರೂ ಬೀಗಿತ್ತಿಯೇ ಅಡುಗೆಮನೆಗೆ ಹೋಗಿ ಸಾರು ಮಾಡಿದರು. ಮಗ ಎಲ್ಲೋ ತಿರುಗಾಡಿಕೊಂಡು ತಡವಾಗಿ ಬಂದು, ಒಬ್ಬನೇ ಉಂಡು, ಸಾರು ಮಾಡಿದವರು ಯಾರೆಂದು ಕೇಳದೆಯೇ ಟೀವಿ ಮುಂದೆ ಬಂದು ಕೂತ. ಕೇಳುವ ಅಭ್ಯಾಸವಿದ್ದರೆ ತಾನೆ!

ಆವತ್ತು ಮೀಸೆಯವನ ಮುಂದೆ ಸೌಟಿನವಳು ಬಟ್ಟಲು ತಂದಿಟ್ಟಳು. ಅವನು ಚಮಚ ಅದ್ದಿ, ಬಾಯಿಗಿಟ್ಟು, ಮುಖ ಕಿವುಚಿದ. ನಮ್ಮವನಿಗೆ ಹುರುಪು ಬಂತು.

"ಇದೇನೇ ಇದು, ಸಾರಾ? ಎಮ್ಮೆ ಮೈ ತೊಳ್ದ ನೀರಿದ್ದಂಗೈತೆ! ಮಾಡ್ದೋರ್ನ ಕರಿ, ಅವ್ರಿಗೇ ಕುಡಿಸ್ತೀನಿ!"

ಯಾರೂ ನಗಲಿಲ್ಲ. ಟೀವಿಯಲ್ಲಿ ಮಾತ್ರ ಕಾಣದ ಜನ ಯಾರೋ ಹೋ ಎಂದು ನಕ್ಕರು. ಬೀಗಿತ್ತಿ ಎದ್ದು, ಗೋಡೆ ಮೊಳೆಯಲ್ಲಿದ್ದ ಬ್ಯಾಗು ತೆಗೆದುಕೊಂಡರು.

"ಅಕ್ಕಾ, ಅವ್ನು ಅಂದಿದ್ದು ನಿಮ್ಗಲ್ಲ ಕಣಕ್ಕ," ಅಂದೆ.

"ಗೊತ್ತು ಕಣಕ್ಕ. ಎಮ್ಮೆಗೆ ಅಂದಿದ್ದು," ಅಂದರು ಬೀಗಿತ್ತಿ.

ಸೊಸೆ ಗಂಡನ ಮುಖ ನೋಡಿದಳು. ಅವನು ಒಂದು ಮಾತು ಆಡಿದ್ದರೆ ಮುಗಿದುಹೋಗುತ್ತಿತ್ತು. ಅವನು ಟೀವಿ ನೋಡಿದ. ಸೊಸೆ ಮಗಳ ಕೈ ಹಿಡಿದುಕೊಂಡು ತಾಯಿಯ ಹಿಂದೆಯೇ ಸಂಜೆ ಬಸ್ಸು ಹತ್ತಿದಳು.

ಮುನಿಸಿಕೊಂಡು ಹೋದ ಹೆಂಡತಿಯನ್ನು ಗಂಡನೇ ಹೋಗಿ ಕರೆಯಬೇಕು. ನಮ್ಮಲ್ಲಿ ಅದು ಪದ್ಧತಿ. ಮಗನಿಗೆ ಹೇಳಿದರೆ, "ನಾನೇನ್ ಅಂದ್ನಾ? ಟೀವಿಯೋನು ಅಂದಿದ್ದು," ಎನ್ನುತ್ತಾನೆ. ಇವನ ಬಿ.ಎ.ಗೆ ಬೆಂಕಿ ಬೀಳ! ಯಜಮಾನರನ್ನು ಕಳಿಸೋಣವೆಂದರೆ, "ಚನ್ನರಾಯಪಟ್ಟಣಕ್ಕೆ ಕಾಯಿ ಲೋಡ್ ಕಳಿಸ್ಬೇಕು, ಪುರ್ಸೊತ್ತಿಲ್ಲ. ಬತ್ತಾಳೆ ಬುಡು," ಎಂದು ಮಗ್ಗುಲಾದರು. ಕಾಯಿ ಲೋಡು ಹೋಗಿ ಬಂತು, ಇವರು ಎದ್ದು ಹೋಗಲಿಲ್ಲ.

ಅಷ್ಟರಲ್ಲಿ ಅರಕಲಗೂಡಿನಿಂದ ಬಸ್ ಕಂಡಕ್ಟರನ ಕೈಲಿ ಬೀಗಿತ್ತಿ ಹೇಳಿಕಳಿಸಿದರು: ಮಗುವನ್ನು ಜೂನ್ ತಿಂಗಳಿಂದ ಇಲ್ಲೇ ಸ್ಕೂಲಿಗೆ ಹಾಕುತ್ತೇವೆ. ಸ್ಕೂಲಿಗೆ ಹಾಕಿದರೆಂದರೆ ಹುಡುಗಿ ಅಲ್ಲಿಯವಳೇ ಆದ ಹಾಗೆ. ಆಮೇಲೆ ನಮ್ಮ ಮನೆಗೆ ರಜಕ್ಕೆ ಬರುವ ನೆಂಟಳು.

ಅವತ್ತಿನಿಂದ ಮಗನಿಗೂ ಅವನ ಅಪ್ಪನಿಗೂ ಉಪ್ಪಿಲ್ಲದ ಸಾರು ಬಡಿಸಿದೆ. ಇಬ್ಬರೂ ತುಟಿ ಪಿಟಕ್ಕೆನ್ನದೆ ಉಂಡರು. ಟೀವಿಯವನ ಬಾಯಿ ಇಲ್ಲದೆ ಸಾರಿನ ಬಗ್ಗೆ ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು?

ಮುಂದಿನ ಭಾನುವಾರ ಮಧ್ಯಾಹ್ನ ಫೋನು ಬಂತು. ಮೊಮ್ಮಗಳು!

"ಅಜ್ಜೀ, ಸುರುವಾಯ್ತಾ? ಇಲ್ಲಿ ಕೇಬಲ್ಲಲ್ಲಿ ಅವ್ರು ಬರಲ್ಲ. ಏನ್ ಮಾಡ್ತಾವ್ರೆ ಹೇಳಜ್ಜಿ!"

ನನಗೆ ಕುಣಿಯುವಷ್ಟು ಖುಷಿ. ಫೋನನ್ನು ಎಳೆದು ಟೀವಿ ಹತ್ತಿರ ಕೂತು ಕಂಡದ್ದನ್ನೆಲ್ಲ ಹೇಳಿದೆ. ಹೇಳುತ್ತಿದ್ದ ಹಾಗೆ ಆ ಕಡೆ ಇನ್ನೊಂದು ಉಸಿರು ಕೇಳಿಸಿತು. ಬಳೆ ಸದ್ದೂ ಬಂತು. ಓಹೋ, ಇನ್ನೊಬ್ಬರೂ ಕಿವಿ ಇಟ್ಟಿದ್ದಾರೆ! ಆಗ ನನ್ನ ನಾಲ್ಕನೇ ಕ್ಲಾಸಿನ ಬುದ್ಧಿ ಕೆಲಸ ಮಾಡಿತು. ಸೌಟಿನವಳು ಬಾಯಿ ತೆಗೆದಾಗ ನಾನೇ ಸಣ್ಣ ದನಿ ಮಾಡಿ ಶುರು ಮಾಡಿದೆ:

"ಸ್ವಾಮೀ, ನೀವೇ ನನ್ ದೇವ್ರು. ನಂಗೇನೂ ತಿಳಿಯಲ್ಲ. ನೀವು ಬೈದ್ರೂ ಅದು ಆಶೀರ್ವಾದ. ನಿಮ್ ಪಾದದ ಧೂಳು..."

"ಅವ್ಳು ಅಂಗನ್ನಲ್ಲ ಅತ್ತೆ!" ಫೋನಿನಲ್ಲಿ ಸೊಸೆಯ ದನಿ ಸಿಡಿಯಿತು. "ನೀವ್ ಸುಮ್ಕಿರಿ! ಅವಳ ಕೈಲೇನೈತೆ ಈಗ?"

"ಸೌಟು ಕಣವ್ವ."

"ಅವ್ನು?"

"ಕುರ್ಚಿ ಮೇಲೆ ಕುಂತವ್ನೆ, ಉಗುರು ಕಡೀತಾವ್ನೆ."

"ಹಂಗಾರೆ ಅವ್ಳು ಅಂತಾಳೆ: 'ಮನೆಗೆ ಬಂದೋರ್ನ ಎಮ್ಮೆ ಅಂದ್ಬುಟ್ಟು, ಉಗುರು ಕಡ್ಕಂಡು ಕುಂತಿದೀರಾ? ನಾಲ್ಗೆ ಕಡ್ಕಳಿ, ಅದೇ ವಾಸಿ!'"

ಅಂಥ ಸೊಸೆಯನ್ನು ಹೆತ್ತ ಬೀಗಿತ್ತಿಗೆ ಕೂತಲ್ಲಿಂದಲೇ ಕೈ ಮುಗಿದೆ. ಪಕ್ಕದ ಕುರ್ಚಿಯಲ್ಲಿದ್ದ ನಮ್ಮವನು ನಿಜಕ್ಕೂ ಉಗುರು ಕಡಿಯುತ್ತಿದ್ದ, ಆ ದನಿ ಕೇಳಿ ತಟ್ಟನೆ ಬಾಯಿಂದ ಬೆರಳು ತೆಗೆದ. ಫೋನನ್ನು ಅವನ ಕಿವಿಗೆ ಒತ್ತಿದೆ. "ಮೀಸೆಯೋನು ಮಾತಾಡ್ತಾವ್ನೆ ನೋಡ್ಲಾ. ಹೇಳು."

ಅವನು ಟೀವಿಯ ಮೇಲೆ ಕಣ್ಣು ನೆಟ್ಟು, ಮೀಸೆಯವನ ದಪ್ಪ ದನಿಯಲ್ಲಿ ಹೇಳಿದ: "ನಾನು ಬೇಕು ಅಂತ ಅನ್ಲಿಲ್ಲ ಕಣೆ. ಯಾರು ಮಾಡಿದ್ದು ಅಂತ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ ಬಾಯಿ ಬರ್ಲಿಲ್ಲ. ನೀನು ಬಸ್ಸತ್ತಿದಾಗ ಮೂಲೆ ಅಂಗ್ಡಿ ತಾವ ನಿಂತ್ಕಂಡು ನೋಡ್ತಿದ್ದೆ..."

ಅವನು ಹೇಳುತ್ತಲೇ ಇದ್ದ. ಟೀವಿಯಲ್ಲಿ ಮೀಸೆಯವನು ಎದ್ದು ಹೋದ, ಆ ಮನೆಯೂ ಹೋಯಿತು, ಅವರ ಲಿಪಿಯಲ್ಲಿ ಏನೇನೋ ಹೆಸರುಗಳು ಮೇಲಕ್ಕೆ ಓಡಿದವು. ಆಮೇಲೆ ಸೋಪಿನ ಜಾಹೀರಾತು. ಸೋಪಿನ ಹುಡುಗಿ ನೊರೆ ಹಚ್ಚಿಕೊಳ್ಳುತ್ತಿದ್ದರೆ ನಮ್ಮವನು ಇನ್ನೂ ದಪ್ಪ ದನಿಯಲ್ಲೇ ತಪ್ಪಾಯಿತು ಅನ್ನುತ್ತಿದ್ದ.

"ಸೋಪಿನ ಮ್ಯೂಸಿಕ್ ಕೇಳಿಸ್ತಲ್ಲ, ಮುಗೀತಲ್ವಾ ಅದು?" ಸೊಸೆಯ ಗಟ್ಟಿ ದನಿ ನನಗೂ ಕೇಳಿಸಿತು. "ಈಗ ಮಾತಾಡ್ತಿರೋದು ಯಾರು? ಅವ್ನಾ, ನೀವಾ?"

ಮಗ ಸೋಪಿನ ಹುಡುಗಿಯ ಕಡೆ ನೋಡಿದ. ಅಲ್ಲಿ ಅವನಿಗೆ ಬಚ್ಚಿಟ್ಟುಕೊಳ್ಳಲು ಜಾಗವಿರಲಿಲ್ಲ. "ನಾನೇ ಕಣೆ," ಅಂದ, ತನ್ನ ದನಿಯಲ್ಲಿ.

"ನನ್ಗಲ್ಲ ಹೇಳ್ಬೇಕಾದ್ದು. ತಗೊಳಿ, ಅವ್ವನ್ಗೆ ಕೊಡ್ತೀನಿ."

ಬೀಗಿತ್ತಿ ಫೋನಿಗೆ ಬಂದರು, ನಾನೂ ಕಿವಿ ಹತ್ತಿರ ತಂದೆ. ಮಗ ಎದ್ದು ನಿಂತ, ಫೋನಿನಲ್ಲಿ ಕಾಣುತ್ತದೆಯೋ ಎನ್ನುವ ಹಾಗೆ ಪಂಚೆ ಸರಿಮಾಡಿಕೊಂಡ. "ತಪ್ಪಾಯ್ತತ್ತೆ. ಸಾರು ಚೆನ್ನಾಗಿತ್ತು."

"ಸುಳ್ಳು ಯಾಕಪ್ಪ ಹೇಳ್ತೀಯ? ಉಪ್ಪು ಮರ್ತಿದ್ದೆ, ಖಾರಾನೂ ಇರ್ಲಿಲ್ಲ," ಅಂದರು ಬೀಗಿತ್ತಿ. "ಆದ್ರೆ ಎಮ್ಮೆ ಮೈ ತೊಳ್ದ ನೀರಂಗಿರ್ಲಿಲ್ಲ."

"ಇರ್ಲಿಲ್ಲ ಅತ್ತೆ."

"ಬಂದು ಕರ್ಕಂಡೋಗು."

ಮಾರನೆಯ ದಿನವೇ ಕಚೇರಿಗೆ ರಜ ಹಾಕಿ ಅರಕಲಗೂಡಿನ ಬಸ್ಸು ಹತ್ತಿದ. ಬೀಗಿತ್ತಿ ಅವನಿಗೆ ಅದೇ ಸಾರು ಮಾಡಿ ಬಡಿಸಿ, ನಿಂತು ಉಣ್ಣಿಸಿ, ಮಗಳ ಮಡಿಲು ತುಂಬಿ ಕಳಿಸಿದರು. ಸಂಜೆ ಬಸ್ಸಿಳಿದು ಮೊಮ್ಮಗಳು ನನ್ನ ಮೇಲೆ ಹಾರಿಬಿದ್ದ ರಭಸಕ್ಕೆ ನಾನು ಜಗುಲಿಯ ಮೇಲೆ ಕೂತೇಬಿಟ್ಟೆ. ಆ ಸಂತೋಷವನ್ನು ಬರೆಯುವಷ್ಟು ಅಕ್ಷರ ನಾಲ್ಕನೇ ಕ್ಲಾಸಿನಲ್ಲಿ ಕಲಿಸುವುದಿಲ್ಲ. ಅಡುಗೆಮನೆಗೆ ಓಡಿ ಸಾರಿಗೆ ಉಪ್ಪು ಹಾಕಿದೆ.

ಭಾನುವಾರ ಎಲ್ಲರೂ ಬೇಗ ಉಂಡು ಟೀವಿ ಮುಂದೆ ಕೂತೆವು. ಹಾಕಿದರೆ ಕ್ರಿಕೆಟ್ಟು! ದೊಡ್ಡ ಪಂದ್ಯ ನಡೆಯುತ್ತಿದೆಯೆಂದು ಕೇಬಲ್ಲಿನವನು ಕೊಪ್ಪರಿಗೆ ತಿರುಗಿಸಿಬಿಟ್ಟಿದ್ದ. ಮೊದಲು ಹೇಗೆ ಇಟ್ಟಿದ್ದನೆಂದು ಅವನಿಗೇ ನೆನಪಿರಲಿಲ್ಲ. ತಪ್ಪಿ ಮಾಡಿದ್ದನ್ನು ಮತ್ತೆ ಮಾಡುವುದು ಅವನಿಂದ ಆಗಲಿಲ್ಲ. ಮೊಮ್ಮಗಳು ಅವರೇ ಬೇಕೆಂದು ಕಾಲು ಬಡಿದಳು.

ಬಿಳಿ ಟೋಪಿಯ ಅಂಪೈರು ಸುಮ್ಮನೆ ನಿಂತಿದ್ದ. ಅವನ ಕಡೆಗೆ ಚೆಂಡಿನವನು ಕೂಗಿಕೊಂಡು ಓಡಿಬಂದ. ಸೊಸೆ ಇದ್ದಕ್ಕಿದ್ದಂತೆ ಬಾಯಿ ತೆಗೆದಳು: "ಮಾವ, ನೀವೇ ನ್ಯಾಯ ಹೇಳಿ! ನಿಮ್ ಮಗ ಇವತ್ತೂ ಕನ್ನಡ್ಕ ಕಳ್ಕಂಡವ್ರೆ!"

ಯಜಮಾನರು ಒಂದು ಕಣ್ಣು ತೆರೆದರು. ಟೀವಿಯಲ್ಲಿ ಅಂಪೈರು ಇಲ್ಲವೆಂದು ತಲೆಯಾಡಿಸಿದ.

"ನೋಡಜ್ಜಿ, ತಾತ ಪುರ್ಸೊತ್ತಿಲ್ಲ ಅಂತಾವ್ನೆ!" ಎಂದು ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಮಗ ಟೀವಿ ಕಡೆಗೆ ನೋಡಲಿಲ್ಲ. ಹೆಂಡತಿಯ ಕಡೆಗೆ ತಿರುಗಿ, ತನ್ನ ದನಿಯಲ್ಲೇ ಕೇಳಿದ: "ನಿಜ್ವಾಗ್ಲೂ, ಎಲ್ಲಿಟ್ಟಿದೀಯೆ?"