ಮಿರ್ಜಾ ಬಾಕರರ ಹೆಸರನ್ನು ಬಿಟ್ಟವಳು ನಾನು

ನಮ್ಮ ಮನೆಯಲ್ಲಿ ಎಂ.ಎ. ಎಂಬುದು ಆಗುವ ಮಾತೇ ಅಲ್ಲ ಎಂದವನು ನನ್ನ ದೊಡ್ಡಣ್ಣ ವಲೇರಿಯನ್. ಆಯಿತು. ಆದರೆ ಆ ಎಂ.ಎ.ಯ ಸಂಪ್ರಬಂಧದಲ್ಲಿ ನಾನು ಒಬ್ಬರ ಹೆಸರನ್ನು ಬೇಕೆಂದೇ ಬಿಟ್ಟೆ; ಇನ್ನೊಬ್ಬರು ತೋರಿಸಿಕೊಟ್ಟದ್ದನ್ನು ನಾನೇ ಕಂಡದ್ದು ಎಂದೆ. ಏಳು ವರ್ಷಗಳ ಹಿಂದೆ ಇಲ್ಲಿ ಬಹರೈನಿನ ನಮ್ಮ ಕನ್ನಡದವರು ಅದೇ ಎಂ.ಎ.ಗೆಂದು ನನಗೆ ಶಾಲು ಹೊದಿಸಿದಾಗ ಚಪ್ಪಾಳೆ ತಟ್ಟಿದವರಲ್ಲಿ ನೀವೂ ಇದ್ದಿರಬಹುದು. ಅದಕ್ಕೇ ನಿಮಗೇ ಹೇಳಬೇಕು.

ಅಪ್ಪ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಅಮ್ಮ ಬೀಡಿ ಕಟ್ಟಿದವಳು. ಬಿ.ಎ. ಮುಗಿಸಿದ ಮೊದಲಿಗಳು ನಾನು — ಅದೂ ಬಹರೈನಿಗೆ ಬಂದ ಮೇಲೆ, ಆಸ್ಪತ್ರೆಯ ರೆಕಾರ್ಡ್ ಸೆಕ್ಷನ್ನಿನಲ್ಲಿ ಕೆಲಸ ಮಾಡುತ್ತಾ, ದೂರಶಿಕ್ಷಣದಲ್ಲಿ. ಎಂ.ಎ.ಗೆ ಫೀಸು ಕಟ್ಟಿದೆ ಎಂದಾಗ ಅಣ್ಣ ಫೋನಿನಲ್ಲಿ ನಕ್ಕ. “ಎಂತ ಮಾರಾಯ್ತಿ, ಫೈಲ್ ಹೊತ್ತು ಹೊತ್ತು ತಲೆ ಹಾಳಾಯ್ತಾ ನಿಂದು? ಒಂದು ಬಿ.ಎ. ಆದದ್ದೇ ದೊಡ್ಡದು. ಮುಂದಿಂದು ನಮ್ಮಂಥವರಿಗೆ ಆಗುವ ಸಂಗತಿಯಾ?”

ಆ ನಗೆ ನನ್ನ ಕಿವಿಯಲ್ಲಿತ್ತು ಎಂಬುದು ನಿಜ. ಅದು ನೆಪ ಅಲ್ಲ.

ಮಾರ್ಗದರ್ಶಕರು ಒಂದು ವಿಷಯ ಕೊಟ್ಟರು: ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮೆದುರಿನ ಪರ್ಷಿಯಾದ ಕರಾವಳಿಯಲ್ಲಿ, ಬುಶೆಹರಿನಲ್ಲಿ, ಕಾಲರಾ ಎದ್ದಾಗ ಅಲ್ಲಿದ್ದ ಒಬ್ಬ ಮಿಶನರಿ ಊರಿಗೆ ಬರೆದ ಪತ್ರಗಳು. ಅವುಗಳ ಚಿತ್ರಪ್ರತಿ ಸಿಕ್ಕಿತು. ಎಲ್ಲ ಪತ್ರಗಳ ತಲೆಯ ಮೇಲೂ ಬುಶೆಹರ್ ಎಂದೇ ಇತ್ತು. ರೋಗಿಗಳ ನಡುವೆಯೇ ಇದ್ದೇನೆ, ಅವರ ಬಾಯಿಗೆ ನೀರು ಬಿಡುತ್ತಿದ್ದೇನೆ ಎಂದು ಬರೆದಿದ್ದ. ನೀರು ಹೊರುವವನ ಹೆಂಡತಿಯೊಬ್ಬಳು ದಾಳಿಂಬೆ ಕೇಳಿದಳಂತೆ. ತಾನು ತರುವಷ್ಟರಲ್ಲಿ ಹೋಗಿಬಿಟ್ಟಳಂತೆ. ಓದಿ ಅತ್ತಿದ್ದೆ.

ಒಂದು ದಿನ ಆ ಪತ್ರದ ಪ್ರಿಂಟು ನನ್ನ ಕೌಂಟರಿನ ಮೇಲಿತ್ತು. ತನ್ನ ಹಳೆಯ ಫೈಲಿನ ಕಾಪಿಗೆಂದು ಬಂದ ಮುದುಕರೊಬ್ಬರು ತಲೆ ಓರೆ ಮಾಡಿ ಅದರ ಕೆಳಗಿನ ಸಹಿಯನ್ನು ಓದಿದರು. ಹಾಜಿ ಗುಲಾಂ. ಬಹರೈನಿನವರೇ, ಆದರೆ ಹಿರಿಯರು ಬುಶೆಹರಿನಿಂದ ಬಂದವರು. ಪ್ರಾಯದಲ್ಲಿ ಬೊಂಬಾಯಿಯ ಜೊತೆ ವ್ಯಾಪಾರ ಮಾಡಿದ್ದರಿಂದ ಹಿಂದಿ ಚೆನ್ನಾಗಿತ್ತು. “ಈ ಮನುಷ್ಯನ ಬರವಣಿಗೆಯ ಮುನ್ಶಿ ನಮ್ಮ ಮುತ್ತಜ್ಜ,” ಎಂದರು. “ಮಿರ್ಜಾ ಬಾಕರ್. ಅವರ ಕಾಗದಗಳು ನನ್ನ ಮನೆಯಲ್ಲಿವೆ.”

ನಾನು ನಂಬಲಿಲ್ಲ. ರೆಕಾರ್ಡ್ ಸೆಕ್ಷನ್ನಿನವರು ಯಾರನ್ನೂ ನಂಬುವುದಿಲ್ಲ — ಸಹಿ ಹೊಂದುತ್ತದಾ, ತಾರೀಕು ಹೊಂದುತ್ತದಾ, ಇಷ್ಟೇ ನಮ್ಮ ಕಸುಬು. ಕೇಳದೆ ಕೊಡುವವನು ಏನೋ ಕೇಳುವವನೇ ಎಂದುಕೊಂಡೆ. ಆದರೂ ಶುಕ್ರವಾರ ಮಧ್ಯಾಹ್ನ ಅವರ ಮನೆಗೆ ಹೋದೆ.

ಬಿಸ್ಕೆಟಿನ ಹಳೇ ಡಬ್ಬಿಯಲ್ಲಿ ಪರ್ಷಿಯನ್ ಪತ್ರಗಳ ಕಟ್ಟು. ಪ್ರತಿ ಹಾಳೆಯಲ್ಲೂ ಉದ್ದುದ್ದ ಸೀಳು. ಹುಳ ಹೊಡೆದದ್ದು ಎಂದುಕೊಂಡೆ. ಹಾಜಿ ನಕ್ಕರು. “ಹುಳ ಇಷ್ಟು ನೆಟ್ಟಗೆ ತಿನ್ನುತ್ತದಾ, ಬೇಟಿ? ಚಾಕು ಇದು.” ಜಡ್ಡಿನ ಊರಿನಿಂದ ಹೊರಡುವ ಕಾಗದಕ್ಕೆ, ರೋಗ ಹರಡದಂತೆ ಊರ ಸುತ್ತ ನಿಂತ ಕಾವಲಿನವರು ಚಾಕು ಹಾಕಿ, ಸೀಳಿನೊಳಗೆ ಹೊಗೆ ಹಿಡಿಸಿ, ಆಮೇಲೆಯೇ ದಾಟಿಸುತ್ತಿದ್ದರಂತೆ. ಹಾಗೆ ಹೇಳಿದವರು, ನನ್ನ ಕೈಯಲ್ಲಿದ್ದ ಮಿಶನರಿಯ ಪತ್ರಗಳ ಚಿತ್ರಗಳನ್ನು ಒಂದೊಂದಾಗಿ ತಿರುವಿ, ಕೇಳಿದರು: “ಇದರಲ್ಲಿ ಸೀಳು ಎಲ್ಲಿ?”

ಇರಲಿಲ್ಲ. ಒಂದರಲ್ಲೂ ಇರಲಿಲ್ಲ.

ಮಿಶನರಿ ಊರಿನಲ್ಲಿರಲೇ ಇಲ್ಲ. ಕಾಲರಾ ಎದ್ದ ವಾರವೇ ಕಾವಲಿನಾಚೆಯ ತೋಟದ ಮನೆಗೆ ಹೋಗಿದ್ದ. ಊರಿನಲ್ಲಿ ಉಳಿದವರು ಮಿರ್ಜಾ ಬಾಕರ್. ದಿನದಿನದ ಸಂಗತಿಯನ್ನು ಅವನಿಗೆ ಬರೆದು ಕಳಿಸುತ್ತಿದ್ದರು. ಅವನು ದೇಶ ಬಿಟ್ಟಾಗ ಬಿಸಾಡಿ ಹೋದ ಕಟ್ಟನ್ನೇ ಅವರು ಎತ್ತಿಟ್ಟುಕೊಂಡದ್ದು. ಹಾಜಿ ಓದುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ದಾಳಿಂಬೆಯೂ ಬಂತು. ನೀರು ಹೊರುವವನ ಹೆಂಡತಿಗೆ ಅದನ್ನು ತರಲು ಓಡಿದವರು ಮಿರ್ಜಾ. ಮಿಶನರಿ ತನ್ನ ಪತ್ರಗಳಲ್ಲಿ ಅವರನ್ನು ಹೆಸರಿಸಿದ್ದು — ಇಲ್ಲ, ಹೆಸರಿಸಿರಲಿಲ್ಲ — “ನನ್ನ ಆಳು” ಎಂದು, ಒಂದೇ ಒಂದು ಕಡೆ.

ಇಷ್ಟು ಸರಿಯಾಗಿ ಹೊಂದಿದ್ದೇ ನನಗೆ ಗುಮಾನಿ ತಂದಿತು. ಮುದುಕ ನನ್ನ ಪ್ರಿಂಟು ನೋಡಿ ಕಥೆ ಕಟ್ಟುತ್ತಿರಬಹುದಲ್ಲ? ನನಗೆ ಪರ್ಷಿಯನ್ ಬರುವುದಿಲ್ಲ. ಅವರು ಇಳಿಹೊತ್ತಿನ ಅಸರ್ ನಮಾಜಿಗೆ ಒಳಗೆ ಹೋದಾಗ — ಹೌದು, ಆಗಲೇ — ಡಬ್ಬಿಯಲ್ಲಿದ್ದುದನ್ನೆಲ್ಲ ಫೋನಿನಲ್ಲಿ ಫೋಟೋ ಹೊಡೆದೆ. ಅವರು ನಮಾಜು ಮುಗಿಸಿ ತಾವೇ ಚಹಾ ತಂದರು. ಕುಡಿದೆ. ಮರುದಿನ ನಮ್ಮ ಫಾರ್ಮಸಿಯ ಇರಾನಿಯೊಬ್ಬನಿಗೆ ಫೋಟೋ ತೋರಿಸಿ ಓದಿಸಿದೆ. ಹಾಜಿ ಒಂದು ಶಬ್ದವನ್ನೂ ಸೇರಿಸಿರಲಿಲ್ಲ.

ಆಗ ನಾಚಿಕೆಯಾಗಬೇಕಿತ್ತು. ಸಮಾಧಾನವಾಯಿತು — ಸಂಪ್ರಬಂಧ ಗೆದ್ದಿತು ಎಂದು.

ಹಾಜಿ ಕೇಳಿದ್ದು ಒಂದೇ, ಮುತ್ತಜ್ಜನ ಹೆಸರು ಬರೆಯಬೇಕೆಂದು. “ಉನ್‌ಕಾ ನಾಮ್ ಲಿಖ್ನಾ, ಬೇಟಿ. ಬಸ್.”

ಖಾಸಗಿ ಕಾಗದದಲ್ಲಿ ಬರುವವರ ಹೆಸರು ಹಾಕುವುದಾದರೆ, ಒಡೆಯರ ಒಪ್ಪಿಗೆಪತ್ರಕ್ಕೆ ಸಹಿ ಬೇಕು ಎಂದರು ಮಾರ್ಗದರ್ಶಕರು. ಒಂದು ಹಾಳೆ, ಒಂದು ಸಹಿ. ಅದನ್ನು ಕೇಳಲು ನಾನು ಹೋಗಲಿಲ್ಲ. ಸಹಿ ಕೇಳಿದರೆ ಮುದುಕ ಬೆಲೆ ಹೇಳಿಯಾರು ಎಂದುಕೊಂಡೆ. ಫೋಟೋ ಹೊಡೆದದ್ದು ಗೊತ್ತಾದೀತು ಎಂದುಕೊಂಡೆ. ಮನೆಯವರು ಬೇಡ ಎಂದರೆ ಎರಡು ವರ್ಷದ ದುಡಿಮೆ ನೀರಿಗೆ, ವಲೇರಿಯನ್ ಅಣ್ಣನ ನಗೆ ಮೇಲಿಂದ — ಸಾಕು. “ಒಂದು ಖಾಸಗಿ ಸಂಗ್ರಹ” ಎಂದು ಬರೆದೆ. ಮಿರ್ಜಾ ಬಾಕರ್ ಇರಬೇಕಾದ ಜಾಗದಲ್ಲೆಲ್ಲ “ಒಬ್ಬ ಸ್ಥಳೀಯ ಸಹಾಯಕ” ಎಂದು ಬರೆದೆ. ಮಿಶನರಿ ಕದ್ದ ಎಂದು ಸಾಧಿಸುವ ಪುಟದಲ್ಲೇ.

ಮೌಖಿಕ ಪರೀಕ್ಷೆ ಉಮ್ ಅಲ್ ಹಸ್ಸಮ್‌ನ ನನ್ನ ಕೋಣೆಯಲ್ಲಿ, ಲ್ಯಾಪ್‌ಟಾಪಿನೆದುರು. ಹಿರಿಯ ಪರೀಕ್ಷಕರಿಗೆ ಬಹಳ ಮೆಚ್ಚುಗೆಯಾಗಿತ್ತು. “ಈ ಸೀಳುಗಳನ್ನು ನೋಡಬೇಕೆಂದು ನಿಮಗೆ ಹೊಳೆದದ್ದು ಹೇಗಮ್ಮಾ?”

“ನಾನೇ ಗಮನಿಸಿದೆ, ಸರ್. ಆಸ್ಪತ್ರೆಯ ದಾಖಲೆ ನೋಡಿ ನೋಡಿ ಅಭ್ಯಾಸ.”

ಯಾರೂ ನನ್ನ ಕತ್ತು ಹಿಡಿದು ಹೇಳಿಸಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ನಾಲಗೆಯ ಮೇಲಿತ್ತು.

ಹಾಜಿ ಆಗಾಗ ಫೋನ್ ಮಾಡಿ ಪುಸ್ತಕ ಆಯಿತಾ ಎಂದು ವಿಚಾರಿಸುತ್ತಿದ್ದರು. ಇನ್ನೂ ಇಲ್ಲ ಎಂದೆ. ಆಮೇಲೆ ಎತ್ತುವುದನ್ನೇ ಬಿಟ್ಟೆ. ಸಂಶಯ ಬಂದಿರಬೇಕು, ಅದಕ್ಕೇ ಬೆನ್ನು ಹತ್ತಿದ್ದಾರೆ ಎಂದು ನಾನೇ ಅವರ ಮೇಲೆ ಸಂಶಯಪಟ್ಟೆ! ಕಳೆದ ರಂಜಾನಿಗೆ ಮೊದಲು ಅದೇ ನಂಬರಿನಿಂದ ಸಂದೇಶ ಬಂತು. ಬರೆದವರು ಮಗಳು ಜೈನಬ್. ಅಪ್ಪ ತೀರಿಕೊಂಡರು, ಫೋನಿನಲ್ಲಿರುವ ಎಲ್ಲರಿಗೂ ತಿಳಿಸುತ್ತಿದ್ದೇನೆ ಎಂದಿತ್ತು. ಅವರ ಪಟ್ಟಿಯಲ್ಲಿ ನಾನು ಇನ್ನೂ ಇದ್ದೆ.

ನಾನು ವಿಶ್ವವಿದ್ಯಾಲಯಕ್ಕೆ ಎಲ್ಲವನ್ನೂ ಬರೆದಿದ್ದೇನೆ. ಮೌಖಿಕದಲ್ಲಿ ಹೇಳಿದ ಸುಳ್ಳನ್ನೂ, ಹೊಡೆದ ಫೋಟೋಗಳನ್ನೂ. ಹೆಸರುಗಳನ್ನು ಸೇರಿಸಿ ತಿದ್ದಿದ ಪುಟಗಳನ್ನು ಕಳಿಸಿದ್ದೇನೆ. ಪದವಿ ಉಳಿಯುತ್ತದೋ ಇಲ್ಲವೋ, ಅವರು ಹೇಳಿದಂತೆ.

ಆ ಅರ್ಜಿ ಕಳಿಸಿದ ಮರುದಿನವೇ ಹಮದ್ ಟೌನಿಗೆ, ಜೈನಬ್ ಅವರ ಮನೆಗೆ ಹೋದೆ. ಯಾವ ರೌಂಡ್‌ಅಬೌಟ್ ಎಂದು ಎರಡು ಸಲ ಫೋನ್ ಮಾಡಿ ಕೇಳಬೇಕಾಯಿತು. ಜೈನಬ್ ನನ್ನಷ್ಟೇ ವಯಸ್ಸಿನವರು, ಶಾಲೆಯ ಟೀಚರ್. ನಾನು ನಿಮಗೆ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಮುಗಿದ ಮೇಲೆ ಕೇಳಿದರು: “ಅಪ್ಪನ ಸಹಿ ಸಿಗುತ್ತಿರಲಿಲ್ಲ ಅಂತ ನಿಮಗೆ ಯಾರು ಹೇಳಿದ್ದು?”

“ಯಾರೂ ಅಲ್ಲ.”

“ಇದರಿಂದ ನಿಮಗೆ ಏನು ಸಿಕ್ಕಿತು?”

ಅರ್ಜಿಗೆಂದು ಪ್ರತಿ ಮಾಡಿಸಿದ್ದ ಎಂ.ಎ. ಸರ್ಟಿಫಿಕೇಟು ಬ್ಯಾಗಿನಲ್ಲೇ ಇತ್ತು. ತೆಗೆದು ಅವರ ಕೈಗೆ ಕೊಟ್ಟೆ. ಜೈನಬ್ ಅದನ್ನು ಮಡಿಲಲ್ಲಿಟ್ಟುಕೊಂಡು, ಕನ್ನಡಕ ಹಾಕಿಕೊಂಡು, ಮುದ್ರೆಯಿಂದ ಸಹಿಯವರೆಗೆ ನಿಧಾನವಾಗಿ ನೋಡಿದರು.

“ನಿಮ್ಮ ಹೆಸರನ್ನು,” ಎಂದರು, “ಎಷ್ಟು ಚೆಂದಾಗಿ ಬರೆದಿದ್ದಾರೆ.”