ಭೂತದ ಬಾಯಲ್ಲಿ ಬಂದ ಮಾತು

ಚೆನ್ನಪ್ಪ, ಅವತ್ತು ಕಂಟ್ರಾಕ್ಟರರ ಮುಂದೆ ನಾನು ಹೇಳಿದ್ದು ಸುಳ್ಳು. ಗೊತ್ತಿದ್ದೂ ಹೇಳಿದ ಸುಳ್ಳು. ಹತ್ತು ವರ್ಷದಿಂದ ನುಂಗಿಕೊಂಡೇ ಬಂದೆ — ಇನ್ನು ಆಗುವುದಿಲ್ಲ ಮಾರಾಯ. ಈ ಕಾಗದವನ್ನೂ ಮೂರು ಸಲ ಬರೆದು ಹರಿದಿದ್ದೇನೆ.

ಭದ್ರಾವತಿಯ ಮರದ ಡಿಪೋದಲ್ಲಿ ಗರಗಸದ ಈ ತುದಿಗೆ ನಾನು, ಆ ತುದಿಗೆ ನೀನು. ಸಂಜೆಯಾದರೆ ನೀನು ಟೆಂಟು ಸಿನಿಮಾದ ಪರದೆ ಪಕ್ಕ ನಿಂತು, ತೆಲುಗು ಚಿತ್ರದ ಕಥೆಯನ್ನು ಕನ್ನಡದ ಜನಕ್ಕೆ ಬಿಡಿಸಿ ಹೇಳುತ್ತಿದ್ದೆ. ಜೊತೆಯ ಆಳುಗಳಿಂದ ಕೇಳಿ ಕೇಳಿ ಕಲಿತ ತೆಲುಗು ನಿನ್ನದು. ರಾಜಕುಮಾರಿ ಅತ್ತರೆ ನೀನೂ ಅಳುತ್ತಿದ್ದೆ. "ಇವತ್ತು ಚೆನ್ನಪ್ಪ ಇದ್ದಾನಾ?" ಅಂತ ಕೇಳಿಯೇ ಹೆಂಗಸರು ಟಿಕೆಟ್ ತೆಗೆಯುತ್ತಿದ್ದರು.

ಆ ವಾರದ್ದು ಅಜ್ಜಿಕಥೆಯಿಂದ ತೆಗೆದ ಮಾಯಾಜಾಲದ ಚಿತ್ರ. ಮಕ್ಕಳು ಮರಿ ಕಟ್ಟಿಕೊಂಡು ಊರೇ ಬಂದಿತ್ತು. ಅರಮನೆ ಕಟ್ಟಿಕೊಟ್ಟ ಭೂತ ಕೊನೆಗೆ ರಾಜನನ್ನು ಕೇಳುತ್ತದಲ್ಲ — ನೀನು ಹೇಳಿದೆ: "ಕಟ್ಟಿದೋರು ನಾವು, ಮಳೇಲಿ ನೆನೆಯೋರೂ ನಾವೇನಾ ದೊರೆ?" ಅಬ್ಬಾ, ಎಂಥ ಶಿಳ್ಳೆ! ನಮ್ಮ ಸೋರುವ ಜೋಪಡಿಗಳಿಗೆ ತಗಡು ಹಾಕಿಸದ ಕಂಟ್ರಾಕ್ಟರರು ಸಂಸಾರ ಸಮೇತ ಕುರ್ಚಿಯಲ್ಲೇ ಕೂತಿದ್ದರು.

ಬೆಳಿಗ್ಗೆ ಇಬ್ಬರನ್ನೂ ಕರೆಸಿದರು. ಚಿತ್ರದಲ್ಲಿ ಇದ್ದದ್ದನ್ನೇ ಹೇಳಿದೆ ಸ್ವಾಮಿ ಅಂದೆ ನೀನು. ನನ್ನ ಕಡೆ ಕೈ ತೋರಿಸಿದೆ — "ಇವನ ಮನೆಮಾತೇ ತೆಲುಗು, ಕೇಳಿ."

"ಏನಯ್ಯಾ, ಆ ಮಾತು ಚಿತ್ರದ್ದೋ, ಇವನ ಸ್ವಂತದ್ದೋ?"

ಚಿತ್ರದ್ದೇ. ಮಾತಿಗೆ ಮಾತು ಚಿತ್ರದ್ದೇ. ಆದರೆ ನನ್ನ ಹೆಂಡತಿ ಬಸುರಿ, ಇದ್ದ ಜೋಪಡಿ ಅವರದ್ದು — ಥೂ, ಆ ನೆಪ ಬೇಡ. "ಚಿತ್ರದಲ್ಲಿ ಇಲ್ಲ ಸ್ವಾಮಿ" ಅಂದುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ನೀನು ಹೆಂಡತಿ, ಎರಡು ಮಕ್ಕಳು, ಪಾತ್ರೆಯ ಗಂಟು ಸಮೇತ ಶಿವಮೊಗ್ಗದ ಬಸ್ಸು ಹತ್ತಿದೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ...

ಹೋದ ವಾರ ಶಿವಮೊಗ್ಗದ ಪೇಟೆಯಲ್ಲಿ ಎದುರಾದೆಯಲ್ಲ, ನನಗೆ ಓಡಿಹೋಗೋಣ ಅನ್ನಿಸಿತು. ನೀನೇ ಕೈ ಹಿಡಿದು ಕಾಫಿ ಕುಡಿಸಿದೆ. ಈಗಲೂ ಕಥೆ ಹೇಳುತ್ತೀಯಾ ಎಂದು ನಾನು ಬಾಯಿತಪ್ಪಿ ಕೇಳಿದೆ.

"ಬಿಟ್ಬಿಟ್ಟೆ ಮಾರಾಯ. ಆ ಮಾತು ನಾನೇ ಸೇರಿಸಿದ್ನೇನೋ. ತೆಲುಗಿನವನು ನೀನೇ ಇಲ್ಲ ಅಂದ್ಮೇಲೆ... ಆಮೇಲೆ ನನ್ನ ಕಿವೀನೇ ನಂಗೆ ನಂಬೋಕಾಗ್ಲಿಲ್ಲ."

ಅಯ್ಯೋ ಶಿವನೇ! ನಿನ್ನ ಕೆಲಸ ಕಳೆದೆ ಅಂತಷ್ಟೇ ನಾನು ಇಷ್ಟು ವರ್ಷ ಕೊರಗಿದ್ದು. ನೀನು ನನ್ನ ಸುಳ್ಳನ್ನೇ ನಂಬಿ ಕೂತಿದ್ದೀಯ ಅಂತ — ಕನಸಿನಲ್ಲೂ ಎಣಿಸಿರಲಿಲ್ಲ. ಆಗಲೂ ಬಾಯಿ ಬಿಡದೆ ಲೋಟ ಕೆಳಗಿಟ್ಟು ಎದ್ದು ಬಂದೆ, ಹೇಡಿ.

ಭಾನುವಾರ ಬರ್ತೀನಿ. ನಿನ್ನ ಹೆಂಡತಿ ಮಕ್ಕಳ ಮುಂದೆಯೇ ಹೇಳ್ತೀನಿ. ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಹೇಳ್ತೀನಿ. ಆ ಮಾತು ಚಿತ್ರದಲ್ಲಿ ಇತ್ತು ಚೆನ್ನಪ್ಪ. ನೀನು ಏನೂ ಸೇರಿಸಿರಲಿಲ್ಲ.