ಬೆನ್ನ ಹಿಂದಿನ ಬೆಂಚುಗಳು

ಇಟಾಲಿಯನ್ ಊರಾದ ಫೆರಾರಾಕ್ಕೆ ಒಂದು ಸೆಮಿಸ್ಟರ್ ಓದಲು ಬಂದ ತ್ರೀನು ಪೋಲ್ಡ್‌ಸಾರ್‌ಗೆ ಮಂಜಿನ ಹೆದರಿಕೆ ಇರಲಿಲ್ಲ, ಒಂಟಿತನದ್ದೂ ಇರಲಿಲ್ಲ. ಎಸ್ಟೋನಿಯಾದ ಜವುಗು ನೆಲದ ಅಂಚಿನಲ್ಲಿ ಬೆಳೆದವಳಿಗೆ ಇವೆರಡೂ ಹುಟ್ಟಿನಿಂದ ಪರಿಚಯ. ಅವಳು ಹೆದರುತ್ತಿದ್ದುದು ಒಂದೇ ಒಂದಕ್ಕೆ: ನಾಲ್ಕು ಜನ ಕೇಳುವಂತೆ ಬಾಯಿ ತೆರೆಯುವುದಕ್ಕೆ.

ಇದು ಚಿಕ್ಕಂದಿನಲ್ಲೇ ಅಂಟಿಕೊಂಡದ್ದು. ಅವಳ ಕಡೆ ಕ್ರಿಸ್‌ಮಸ್ ಅಜ್ಜ ಉಡುಗೊರೆಯನ್ನು ಸುಮ್ಮನೆ ಕೊಡುವುದಿಲ್ಲ. ಮಗು ಎಲ್ಲರೆದುರು ನಿಂತು ಪದ್ಯ ಒಪ್ಪಿಸಬೇಕು. ಒಂದು ವರ್ಷ ತ್ರೀನುವಿಗೆ ಮೊದಲ ಸಾಲೇ ಹೊರಡಲಿಲ್ಲ. ನೆಂಟರೆಲ್ಲ ಒಟ್ಟಿಗೆ ಪದ ಎತ್ತಿಕೊಡಲು ಹೊರಟರು, ಯಾರೋ ನಕ್ಕರು, ಮಗುವಿನ ಕಾಲುಚೀಲ ಒದ್ದೆಯಾಯಿತು. ಹತ್ತಿಯ ಗಡ್ಡ ಕಟ್ಟಿಕೊಂಡಿದ್ದ ಸೋದರಮಾವ ಕನಿಕರಪಟ್ಟು ಪೊಟ್ಟಣವನ್ನು ಕೈಗಿತ್ತ. ಅವಳು ಅದನ್ನು ಬಿಚ್ಚಲೇ ಇಲ್ಲ. ಆಮೇಲೆ ಶಾಲೆಯಲ್ಲಿ ಮೇಷ್ಟರುಗಳು ಅವಳಿಗೆ ಮಾತಿನ ಬದಲು ಉತ್ತರವನ್ನು ಬರೆದು ಕೊಡಲು ಬಿಟ್ಟರು. ಬಿಟ್ಟದ್ದು ದಯೆಯಿಂದ, ಆದರೆ ದಯೆ ಎಲ್ಲ ಕಾಯಿಲೆಗೂ ಮದ್ದಲ್ಲ. ತನ್ನ ದೇಶದ ತಾರ್ತುವಿನ ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದುವ ಹೊತ್ತಿಗೆ ಅವಳು ಬರೆಯುವುದರಲ್ಲಿ ಎತ್ತಿದ ಕೈ, ಮಾತಿನಲ್ಲಿ ಮೂಗಿ.

ಪೋ ನದಿಯ ಏರಿಗಳನ್ನು, ಜವುಗು ಬತ್ತಿಸಿ ಮಾಡಿದ ಹೊಲಗಳನ್ನು ಕಣ್ಣಾರೆ ನೋಡಿ ಕಲಿಯಬಹುದೆಂದು ಅವಳು ಫೆರಾರಾವನ್ನು ಆರಿಸಿಕೊಂಡಳು. ಎರಡು ವರ್ಷ ಕೂತು ಇಟಾಲಿಯನ್ ವ್ಯಾಕರಣವನ್ನು ಅರೆದು ಕುಡಿದು ಬಂದಳು. ಇಲ್ಲಿ ಪರೀಕ್ಷೆ ಎಂದರೆ ಬಾಯಿಮಾತಿನ ಪರೀಕ್ಷೆ ಎಂದು ಮಾತ್ರ ಯಾರೂ ಅವಳಿಗೆ ಹೇಳಿರಲಿಲ್ಲ. ಇಲ್ಲಿಯವರಿಗೆ ಅದು ಹೇಳಬೇಕಾದ ಸಂಗತಿಯೇ ಅಲ್ಲ.

ಅವಳು ಬಾಡಿಗೆಗಿದ್ದುದು ಯೋಲೆ ಜಗಾತ್ತಿ ಎಂಬ ವಿಧವೆಯ ಮನೆಯಲ್ಲಿ. ಪಕ್ಕದ ಕೋಣೆಯಲ್ಲಿ ನುನ್ಸಿಯಾ. ದಕ್ಷಿಣದ ಬಾರ್ಲೆತ್ತಾದವಳು, ಮೂರು ವರ್ಷದ ಓದಿಗೆಂದು ಬಂದು ಆರನೆಯ ವರ್ಷವನ್ನು ತಳ್ಳುತ್ತಿದ್ದವಳು. ಅಕ್ಟೋಬರಿನ ಒಂದು ಸಂಜೆ ಊಟಕ್ಕೆ ಕೂತಾಗ ತ್ರೀನು ಕೇಳಿದಳು:

"ಕವಲ್ಲಾರಿ ಪ್ರೊಫೆಸರರ ಪ್ರಶ್ನೆಪತ್ರಿಕೆ ಎಷ್ಟು ಹೊತ್ತಿಂದು?"

ನುನ್ಸಿಯಾ ಫೋರ್ಕನ್ನು ಗಾಳಿಯಲ್ಲೇ ಹಿಡಿದು ನಕ್ಕಳು. "ಯಾವ ಪತ್ರಿಕೇನೇ? ಅವನ ಮುಂದೆ ಕುರ್ಚೀಲಿ ಕೂತ್ಕೋತೀಯ. ಅವನು ಕೇಳ್ತಾನೆ, ನೀನು ಹೇಳ್ತೀಯ. ಮುಗೀತು."

"ಒಬ್ಬೊಬ್ಬರನ್ನೇ ಒಳಗೆ ಕರೀತಾರಾ?"

"ಒಳಗೇನು ಬಂತು? ಬಾಗಿಲು ತೆರೆದೇ ಇರುತ್ತೆ. ನಿನ್ನ ಬೆನ್ನ ಹಿಂದೆ ಬೆಂಚುಗಳ ತುಂಬ ಜನ. ಏನು ಕೇಳ್ತಾನೆ ಅಂತ ಕೇಳಿಸ್ಕೊಳ್ಳೋಕೆ ಕೆಲವರು, ಬರೀ ಮಜಾ ನೋಡೋಕೆ ಕೆಲವರು."

ತ್ರೀನು ಕುಂಬಳಕಾಯಿಯ ಕಡುಬಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಮೂವತ್ತಕ್ಕೆ ಹದಿನೆಂಟು ಬಂದ್ರೆ ಪಾಸು," ನುನ್ಸಿಯಾ ಮುಂದುವರಿಸಿದಳು. "ಆದ್ರೆ ಹದಿನೆಂಟು ತಗೊಂಡು ಮನೆಗೆ ಹೋಗ್ಬೇಡ, ಮರ್ಯಾದೆ ಹೋಗುತ್ತೆ. ಕೊನೇಲಿ ಅವನೇ ಕೇಳ್ತಾನೆ, ಇಷ್ಟು ಕೊಡ್ತೀನಿ, ಒಪ್ತೀರಾ ಅಂತ. ಕಡಿಮೆ ಅನ್ನಿಸಿದ್ರೆ ತಲೆ ಎತ್ತಿ 'ಬೇಡ ಸಾರ್, ಮತ್ತೆ ಬರ್ತೀನಿ' ಅನ್ನು. ಇದೇ ಕವಲ್ಲಾರಿ ಕೊಟ್ಟ ಇಪ್ಪತ್ತೈದನ್ನ ನಾನು ಎರಡು ಸಲ ಅವನ ಮೇಜಿನ ಮೇಲೇ ಬಿಟ್ಟು ಬಂದಿದೀನಿ."

"ಅದಕ್ಕೇ ಇವಳು ನನ್ನ ಗೋಡೆ ಗಡಿಯಾರದ ಜೊತೆಗಾತಿ ಆಗಿರೋದು," ಎಂದಳು ಯೋಲೆ, ಪಾತ್ರೆಯಿಂದ ಕಣ್ಣೆತ್ತದೆ. "ಗಡಿಯಾರ ಆದ್ರೂ ಆಗಾಗ ಮುಂದಕ್ಕೆ ಹೋಗುತ್ತೆ."

"ಸಿನ್ಯೋರಾ, ನೀವು ಬಾಡಿಗೆ ತಗೊಳ್ಳಿ, ಬಾಯಿ ಹಾಕ್ಬೇಡಿ."

ಅಂದಿನಿಂದ ತ್ರೀನು ಓದಿಗೇ ಬಿದ್ದಳು. ಹಗಲು ಅವಳು ಸೈಕಲ್ಲಿನಲ್ಲಿ ಏರಿಗಳ ಮೇಲೆ ತಿರುಗಿದಳು, ನೀರೆತ್ತುವ ಪಂಪುಮನೆಗಳನ್ನು ನೋಡಿದಳು, ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಮತ್ತೆ ಓದಿಕೊಂಡಳು. ತರಗತಿಯಲ್ಲಿ ಕವಲ್ಲಾರಿ ಪ್ರಶ್ನೆ ಎಸೆದಾಗ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು, ಅಲ್ಲೇ ಒಣಗುತ್ತಿತ್ತು.

ಜನವರಿಯಲ್ಲಿ ಮೊದಲ ಪರೀಕ್ಷೆಯ ದಿನ ಬಂತು. ತ್ರೀನು ಕೊನೆಯ ಬೆಂಚಿನ ಮೂಲೆ ಹಿಡಿದಳು. ಅವಳ ಮುಂದೆಯೇ ಒಬ್ಬ ಹುಡುಗ ಕುರ್ಚಿಯಲ್ಲಿ ಕೂತು ತಡವರಿಸಿದ, ಕವಲ್ಲಾರಿ ಕನ್ನಡಕ ತೆಗೆದು ಒರೆಸಿ, "ನೀವು ಈ ಪುಸ್ತಕವನ್ನ ಕೊಂಡಿದೀರಾ, ಇಲ್ಲಾ ಹೊರಗಿನಿಂದ ನೋಡಿದೀರಾ?" ಎಂದರು. ಬೆಂಚುಗಳು ಗೊಳ್ಳೆಂದವು. ಅದೇ ನಗು. ಚಿಕ್ಕಂದಿನಲ್ಲಿ ಹತ್ತಿಯ ಗಡ್ಡದ ಸೋದರಮಾವನೆದುರು ಕೇಳಿದ್ದು ಇದೇ.

"ಪೋಲ್ಡ್‌ಸಾರ್," ಎಂದು ಕರೆ ಬಂತು.

ಎದ್ದು ನಿಲ್ಲಬೇಕೆಂದು ಅವಳು ಕಾಲಿಗೆ ಹೇಳಿದಳು. ಕಾಲು ಕೇಳಲಿಲ್ಲ.

"ಪೋಲ್ಡ್‌ಸಾರ್ ಇದಾರಾ? ಇಲ್ವಾ? ಮುಂದಿನವರು."

ಅವಳು ಅಲ್ಲೇ, ತನ್ನ ಹೆಸರಿನ ಎದುರು ಗೈರುಹಾಜರಿ ಬೀಳುವುದನ್ನು ನೋಡುತ್ತ ಕೂತಿದ್ದಳು. ನುನ್ಸಿಯಾ ಆ ದಿನ ಬಂದಿರಲಿಲ್ಲ. ಜ್ವರ ಎಂದು ಹೊದ್ದು ಮಲಗಿದ್ದಳು.

ಉಳಿದದ್ದು ಫೆಬ್ರವರಿಯ ಒಂದು ದಿನ ಮಾತ್ರ. ಅದಾದ ವಾರದಲ್ಲಿ ಅವಳು ಊರಿಗೆ ಹೊರಡಲೇಬೇಕು. ಈ ಪರೀಕ್ಷೆ ಆಗದಿದ್ದರೆ ತಾರ್ತುವಿನಲ್ಲಿ ವರ್ಷ ಬಿದ್ದುಹೋಗುತ್ತದೆ. ವರ್ಷ ಬಿದ್ದರೆ ಪುಕ್ಕಟೆ ಓದುವ ಸೀಟು ಹೋಗುತ್ತದೆ. ಸೀಟು ಹೋದರೆ ಓದು ಅಲ್ಲಿಗೆ ನಿಂತಂತೆ. ಇದನ್ನು ಅವಳು ಅಡುಗೆಮನೆಯಲ್ಲಿ, ಸಿಂಕಿನಲ್ಲಿ ಕೈಯಿಟ್ಟು ತಟ್ಟೆ ತೊಳೆಯುತ್ತ, ಗೋಡೆಗೆ ಹೇಳಿದಂತೆ ಹೇಳಿದಳು. ಅಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ಆ ಮನೆಯವರು ಕೇಳಿದ್ದು ಅದೇ ಮೊದಲು.

"ಇವಳಿಗೆ ಮಾತು ಬರುತ್ತಲ್ಲೇ!" ಎಂದಳು ಯೋಲೆ. "ಎಲ್ಲಿ, ತಿರುಗಬೇಡ ಮಗಳೇ. ತೊಳೀತಾ ಇರು. ಪೋ ನದಿ ಯಾಕೆ ಹೊಲಕ್ಕಿಂತ ಮೇಲೆ ಹರಿಯುತ್ತೆ, ಹೇಳು ನೋಡೋಣ."

ತ್ರೀನು ತಟ್ಟೆ ಉಜ್ಜುತ್ತ ಹೇಳಿದಳು. ಏರಿಗಳ ನಡುವೆ ಸಿಕ್ಕಿಕೊಂಡ ನದಿ ತನ್ನ ಹೂಳನ್ನು ತಾನೇ ಹಾಸಿಕೊಂಡು ಎದ್ದ ಬಗೆಯನ್ನು ಒಂದೂ ತಪ್ಪಿಲ್ಲದೆ ಹೇಳಿ ಮುಗಿಸಿದಳು.

"ಶಭಾಷ್," ಎಂದಳು ನುನ್ಸಿಯಾ. "ಇನ್ನು ಆ ಸಿಂಕನ್ನ ಕಿತ್ತು ಬೆನ್ನಿಗೆ ಕಟ್ಟಿಕೊಂಡು ಹೋಗು. ಕವಲ್ಲಾರಿ ಮುಂದೆ ಇಟ್ಟು ತಟ್ಟೆ ತೊಳಿ."

ಅಂದಿನಿಂದ ಊಟದ ಮೇಲೆ ಇದೇ ಕೆಲಸವಾಯಿತು. ಯೋಲೆ ಗಂಡನ ಹಳೆಯ ಕನ್ನಡಕವನ್ನು ಮೂಗಿಗೇರಿಸಿ ಪ್ರೊಫೆಸರಾದಳು. ನುನ್ಸಿಯಾ ಪ್ರಶ್ನೆ ಎತ್ತಿಕೊಟ್ಟಳು. ಅವಳಿಗೆ ಪುಸ್ತಕ ಪುಟಪುಟವೂ ಬಾಯಿಪಾಠ. ಇಷ್ಟು ಬಲ್ಲವಳು ಇನ್ನೂ ಏಕೆ ಇಲ್ಲಿದ್ದಾಳೆ ಎಂದು ತ್ರೀನುವಿಗೆ ಅನ್ನಿಸಿತು. ಕೇಳುವ ಧೈರ್ಯ ಬರಲಿಲ್ಲ. ಆದರೆ ತ್ರೀನುವನ್ನು ಗೋಡೆಯಿಂದ ಮೇಜಿನತ್ತ ತಿರುಗಿಸಿ ಕೂರಿಸಿದ ಗಳಿಗೆಯಲ್ಲೇ ಮಾತು ಕಟ್ಟುತ್ತಿತ್ತು. ಇಬ್ಬರು ಹೆಂಗಸರ ಎದುರಿನಲ್ಲೇ ಹೀಗಾದರೆ ಬೆಂಚುಗಳ ಮುಂದೆ ಗತಿಯೇನು?

ಫೆಬ್ರವರಿಯ ಪರೀಕ್ಷೆಯ ದಿನ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸೈಕಲ್ಲಿನ ಮುಂದಿನ ಚಕ್ರವೇ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಯೋಲೆ, "ಹೋಗ್ರೇ, ತೋಳದ ಬಾಯಿಗೆ ಹೋಗಿ," ಎಂದು ಹರಸಿದಳು.

"ಸಾಯ್ಲಿ ತೋಳ!" ಎಂದು ನುನ್ಸಿಯಾ ವಾಡಿಕೆಯ ಉತ್ತರ ಕೊಟ್ಟು, ತ್ರೀನುವಿನ ಪಕ್ಕೆಗೆ ತಿವಿದಳು. "ಹೇಳೇ ನೀನೂ. ಹೇಳದಿದ್ರೆ ಅಪಶಕುನ."

"ಸಾಯ್ಲಿ," ಎಂದಳು ತ್ರೀನು ಮೆಲ್ಲಗೆ. ಆಮೇಲೆ ತಾನೂ ಏನಾದರೂ ಹಾರೈಸಬೇಕೆಂದು, "ನಿನ್ನ ಟಯರಿಗೆ ಮೊಳೆ ಬೀಳಲಿ," ಎಂದಳು.

"ಏನು ಅಂದೆ?"

"ನಮ್ಮ ಕಡೆ ಪರೀಕ್ಷೆಗೆ ಹೋಗೋರಿಗೆ ಹಾಗೆ ಹೇಳ್ತೀವಿ."

"ಈ ಊರಲ್ಲಿ, ಸೈಕಲ್ ಮೇಲೆ ಕೂತಿರೋಳಿಗೆ ಹಾಗಂತೀಯಾ? ನಾಲಿಗೆ ಕಚ್ಕೊಳ್ಳೇ ಮಹಾತಾಯಿ!" ನುನ್ಸಿಯಾ ನಗಲಿಲ್ಲ. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅವಳು ಮಾತಾಡದೆ ಹೋದದ್ದೇ ತ್ರೀನುವಿನ ಭಯಕ್ಕೆ ಇನ್ನೊಂದು ಹಿಡಿ ಸೌದೆ.

ಹೆಸರುಗಳು ಅಕ್ಷರದ ಸಾಲಿನಲ್ಲಿ ಬರುತ್ತವೆ. ನುನ್ಸಿಯಾ ಲಚೆರೆಂಜಾಳ ಸರದಿ ಮೊದಲು. ಅವಳು ಸಂತೆಗೆ ಹೊರಟವಳಂತೆ ನಡೆದು ಹೋಗಿ ಕೂತಳು. ಕವಲ್ಲಾರಿ ಕೇಳಿದರು, ಅವಳು ಹೇಳಿದಳು. ಕೈ ಆಡಿಸುತ್ತ, ತಿದ್ದುತ್ತ, ಒಮ್ಮೆ ಅವರನ್ನೇ ನಗಿಸುತ್ತ. ಬೆಂಚುಗಳು ಸದ್ದಿಲ್ಲದೆ ಕೇಳಿದವು. ತ್ರೀನು ಈ ಸಲ ಪಕ್ಕದ ಸಾಲಿನಲ್ಲಿದ್ದಳು; ಅವಳಿಗೆ ಮೇಜಿನ ಕೆಳಗೂ ಕಾಣುತ್ತಿತ್ತು. ಅಲ್ಲಿ ನುನ್ಸಿಯಾಳ ಮಂಡಿಗಳು ಚಳಿ ಹಿಡಿದ ನಾಯಿಮರಿಯಂತೆ ನಡುಗುತ್ತಿದ್ದವು. ಒಂದು ಕಾಲು ಷೂ ಬಿಟ್ಟು ಇನ್ನೊಂದನ್ನು ಬಲವಾಗಿ ತುಳಿದು ಹಿಡಿದಿತ್ತು.

"ಇಪ್ಪತ್ತೇಳು," ಎಂದರು ಕವಲ್ಲಾರಿ. "ಈ ಸಲ ಆದ್ರೂ ಒಪ್ಕೊಳ್ಳಿ, ಲಚೆರೆಂಜಾ. ಇದೊಂದು ಆದ್ರೆ ನಿಮಗೆ ಪ್ರಬಂಧ ಮಾತ್ರ ಬಾಕಿ. ಊರಿಗೆ ಹೋಗಬಹುದು."

"ಬೇಡ ಸಾರ್. ಮತ್ತೆ ಬರ್ತೀನಿ."

ಬೆಂಚುಗಳಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಇಪ್ಪತ್ತೇಳನ್ನು ಒದ್ದು ಬಂದವಳು! ತ್ರೀನುವಿಗೆ ಮಾತ್ರ ಆ ಮಂಡಿಗಳೇ ಕಣ್ಣಲ್ಲಿದ್ದವು. ಇಡೀ ಕೋಣೆಯಲ್ಲಿ ತಾನೊಬ್ಬಳೇ ಹೆದರಿದವಳೆಂದು ಅವಳು ತಿಳಿದಿದ್ದಳು. ತನಗೆ ಧೈರ್ಯ ಕಲಿಸಿದವಳೇ ಹೀಗಿದ್ದರೆ, ಆ ಧೈರ್ಯದ ಮೇಲೆ ಕಾಲೂರುವುದು ಹೇಗೆ?

"ಪೋಲ್ಡ್‌ಸಾರ್."

ಈ ಸಲ ಕಾಲು ಕೇಳಿತು. ಹೇಗೆ ಹೋಗಿ ಕೂತಳೆಂದು ಅವಳಿಗೇ ಗೊತ್ತಿಲ್ಲ.

"ಮೊದಲನೇ ಪ್ರಶ್ನೆ ನಿಮ್ಮಿಷ್ಟದ್ದು," ಎಂದರು ಕವಲ್ಲಾರಿ. ಹೆದರಿದವರಿಗೆಂದೇ ಇಲ್ಲಿಯವರು ಇಟ್ಟುಕೊಂಡಿರುವ ಕರುಣೆ ಇದು. "ಯಾವ ವಿಷಯ ಆದ್ರೂ ಸರಿ. ಶುರು ಮಾಡಿ."

ಯಾವ ವಿಷಯವಾದರೂ ಸರಿ ಎಂದಾಗ ಎಲ್ಲ ವಿಷಯಗಳೂ ಒಟ್ಟಿಗೆ ಬಾಗಿಲಿಗೆ ನುಗ್ಗಿ ಸಿಕ್ಕಿಕೊಂಡವು. ಹಿಂದೆ ಯಾರೋ ಕೆಮ್ಮಿದರು. ಇನ್ನು ಕೆಮ್ಮು ನಗುವಾಗುತ್ತದೆ, ನಗು ಕೋಣೆಯೆಲ್ಲ ತುಂಬುತ್ತದೆ ಎಂದು ಅವಳು ಬೆನ್ನಿನಿಂದಲೇ ಕಾದಳು. ಕವಲ್ಲಾರಿ ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಗೈರುಹಾಜರಿ ಎಂದೇ ಬರೆಯುತ್ತಾರೇನೋ, ಎದುರಿಗೇ ಕೂತಿದ್ದರೂ.

ಆಗ ಅವಳ ಕೈ ಮುಂದೆ ಹೋಗಿ ಆ ಪೆನ್ನನ್ನು ಅವರ ಬೆರಳಿನಿಂದಲೇ ಎಳೆದುಕೊಂಡಿತು. ಮೇಜಿನ ಮೇಲಿದ್ದ ಖಾಲಿ ಹಾಳೆಯನ್ನೂ ಎಳೆದುಕೊಂಡಿತು. ಎರಡು ಏರಿ ಬರೆದಳು, ನಡುವೆ ನದಿ, ನದಿಯ ಕೆಳಗೆ ಹೂಳು, ಏರಿಯ ಆಚೆ ತಗ್ಗಿನಲ್ಲಿ ಒಂದು ಮನೆ. ಮನೆಯ ಮಾಳಿಗೆಗಿಂತ ನೀರು ಎತ್ತರ.

"ನದಿ ಯಾಕೆ ಅಷ್ಟು ಮೇಲಿದೆ?" ಕವಲ್ಲಾರಿ ಹಾಳೆಯ ಮೇಲೆ ಬಾಗಿದರು.

ಬಾಗಿದ್ದರಿಂದ ಅವರ ಮುಖ ಮರೆಯಾಯಿತು. ಬೋಳುತಲೆ ಮಾತ್ರ ಕಂಡಿತು, ತೊಳೆದ ತಟ್ಟೆಯಂತೆ. ತ್ರೀನು ಆ ತಟ್ಟೆಗೆ ಉತ್ತರ ಹೇಳಿದಳು. ದನಿ ಸಣ್ಣಗಿತ್ತು, ಆದರೆ ಇತ್ತು.

"ಕೇಳಿಸ್ತಿಲ್ಲ!" ಎಂದಿತು ಒಂದು ಬೆಂಚು.

"ನಿಮಗೆ ಕೇಳಿಸೋದು ಬೇಕಿಲ್ಲ," ಎಂದರು ಕವಲ್ಲಾರಿ ತಲೆಯೆತ್ತದೆ. "ನದಿ ಸಮುದ್ರ ಸೇರುವ ಮುಖಜಭೂಮಿಯ ನೆಲ ಕುಸಿದದ್ದು ಯಾಕೆ?"

"ಕೆಳಗಿಂದ ಗ್ಯಾಸು ತೆಗೆದರು. ಗ್ಯಾಸಿನ ಜೊತೆ ನೀರೂ ಬಂತು. ಒಳಗೆ ಟೊಳ್ಳಾಗಿ ಮೇಲಿನದು ಇಳೀತು."

ಬರೆದಳು, ಹೇಳಿದಳು, ಬರೆಯಲಾಗದ್ದನ್ನು ಹೇಳುವಾಗ ಮುಗ್ಗರಿಸಿದಳು. ಎರಡು ಪ್ರಶ್ನೆಗೆ ಬಾಯಿ ಬಿಡಲೇ ಇಲ್ಲ.

"ನಿಮಗೆ ವಿಷಯ ಚೆನ್ನಾಗಿ ಗೊತ್ತು," ಎಂದರು ಕೊನೆಗೆ. "ಬಾಯಿ ಬಿಡೋದು ಕಲಿತು ಬಂದ್ರೆ ಇಪ್ಪತ್ತೆಂಟು ಕೊಡ್ತೀನಿ. ಇವತ್ತಿಗೆ ಇಪ್ಪತ್ತೊಂದು. ಒಪ್ತೀರಾ?"

"ಬೇಡ ಅನ್ನೇ," ಎಂದು ಹಿಂದಿನಿಂದ ನುನ್ಸಿಯಾಳ ಪಿಸುಮಾತು ಬಂತು. ರೂಢಿಯ ಬಲವೇ ಅಂಥದ್ದು. ಮುಂದಿನ ಸಲ ಎಂಬುದು ಈ ಹುಡುಗಿಗೆ ಇಲ್ಲವೆಂದು ಬಲ್ಲವಳೇ ಅದನ್ನು ಹೇಳಿದಳು.

ಒಪ್ಪಿದೆ ಎನ್ನಬೇಕು. ಅದನ್ನು ಚಿತ್ರ ಬರೆದು ತೋರಿಸಲಾಗದು. ತ್ರೀನುವಿನ ತುಟಿ ಅಲುಗಿತು, ದನಿ ಬರಲಿಲ್ಲ. ಇಲ್ಲಿ ಸುಮ್ಮನಿರುವುದೆಂದರೆ ಬೇಡವೆಂದೇ ಅರ್ಥ. ಮಾನಿಗಳಾದ ವಿದ್ಯಾರ್ಥಿಗಳು ಹಾಗೆ ಸುಮ್ಮನಿದ್ದೇ ಎದ್ದು ಹೋಗುತ್ತಾರೆ. ಕವಲ್ಲಾರಿ ತಲೆಯಾಡಿಸಿದರು. "ಸರಿ, ನಿಮ್ಮಿಷ್ಟ. ಅಭಿಮಾನ ಒಳ್ಳೇದೇ," ಎನ್ನುತ್ತ ಅವಳ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. "ಮುಂದಿನವರು, ರವೆನ್ಯಾನಿ."

ರವೆನ್ಯಾನಿ ಎಂಬವನು ಎದ್ದ. ಅವನ ಹೆಜ್ಜೆ ಹತ್ತಿರ ಬರುವುದು ಅವಳಿಗೆ ಕೇಳಿಸಿತು. ತಾರ್ತು, ಸೀಟು, ವರ್ಷ, ಎಲ್ಲವೂ ಆ ಹೆಜ್ಜೆಯ ಕೆಳಗೆ. ಕುರ್ಚಿಯ ಬೆನ್ನಿನ ಮೇಲೆ ಅವನ ಕೈ ಬಿತ್ತು.

"ಒಪ್ಪಿದೆ!"

ಅದು ಮಾತಲ್ಲ, ಚೀರು. ರವೆನ್ಯಾನಿ ಹಿಂದಕ್ಕೆ ನೆಗೆದ. ಕವಲ್ಲಾರಿಯ ಕನ್ನಡಕ ಮೂಗಿನಿಂದ ಜಾರಿತು. "ಒಪ್ಪಿದೆ, ಸಾರ್, ಒಪ್ಪಿದೆ, ಒಪ್ಪಿದೆ!" ಬೆಂಚುಗಳು ಗೊಳ್ಳೆಂದು ನಕ್ಕವು. ಅವಳು ಇಷ್ಟು ವರ್ಷ ಕಾದುಕೊಂಡಿದ್ದ ನಗು ಕೊನೆಗೂ ಬಂದು ಅವಳ ಬೆನ್ನಿಗೆ ಬಡಿಯಿತು. ಕವಲ್ಲಾರಿ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು ಅಂಕ ಬರೆದರು. ಬರೆದು ಮುಗಿಯುವವರೆಗೂ ಅವಳು ಕುರ್ಚಿ ಬಿಡಲಿಲ್ಲ.

ಹೊರಗೆ ಸೈಕಲ್ಲುಗಳ ಬಳಿ ನುನ್ಸಿಯಾ ಕಾಯುತ್ತಿದ್ದಳು. ತ್ರೀನುವಿಗೆ ಬೀಗದ ರಂಧ್ರಕ್ಕೆ ಕೀಲಿ ತೂರಿಸಲಾಗಲಿಲ್ಲ. ನುನ್ಸಿಯಾ ಕೀಲಿ ಕಿತ್ತುಕೊಂಡಳು.

"ಇಪ್ಪತ್ತೊಂದು! ಅದೂ ಮೀನು ಮಾರೋಳ ಹಾಗೆ ಕೂಗಿ. ನಾಳೆ ಊರೆಲ್ಲ ಇದೇ ಮಾತು."

"ಆಡ್ಲಿ." ಚಕ್ರವನ್ನೇ ನೋಡುತ್ತ ತ್ರೀನು ಹೇಳಿದಳು: "ನಿನ್ನ ಮಂಡಿ ನಡುಗ್ತಿತ್ತು. ನಾನು ನೋಡ್ದೆ."

"ಚಳಿ."

"ನೀನು ಒಪ್ಪಿದ್ರೆ ಮನೆಗೆ ಹೋಗ್ಬೇಕಾಗುತ್ತೆ. ಅದಕ್ಕೇ ಹೆದರಿದೀಯ."

ನುನ್ಸಿಯಾ ಬೀಗ ತೆಗೆದು ಕೀಲಿಯನ್ನು ಅವಳ ಅಂಗೈಯಲ್ಲಿ ಒತ್ತಿದಳು. "ನೀನು ಮಾತಾಡದೆ ಇದ್ದಾಗಲೇ ಚೆನ್ನಾಗಿತ್ತು ಕಣೇ," ಎಂದಳು. "ಎಲ್ಲ ನಿನ್ನ ಆ ದರಿದ್ರ ಮೊಳೆಯಿಂದ ಆಗಿದ್ದು. ಜೂನ್‌ನಲ್ಲಿ ನೋಡ್ಕೋತೀನಿ." ಸೈಕಲ್ಲೇರಿ ಮಂಜಿನೊಳಕ್ಕೆ ಹೋದಳು.

ತ್ರೀನು ತಡವಾಗಿ ಹಿಂಬಾಲಿಸಿದಳು. ಭಯ ಹೋಗಿರಲಿಲ್ಲ. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಎದುರಿನಿಂದ ಬರುವವರಿಗೆ ಎಚ್ಚರ ಕೊಡಲು ಇಲ್ಲಿಯವರಂತೆ ಕೂಗಬೇಕಾಗಿತ್ತು. ಮೊದಲ ತಿರುವಿನಲ್ಲಿ ಅವಳು ಇಳಿದು ನಡೆದಳು. ಎರಡನೆಯದರಲ್ಲಿ ಕೂಗಿದಳು.